ಜಂಪರ್ ತರ್ತೇನಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸೊಲ್ಲಾಪುರದವಳು. ಮದುವೆಯಾದ ವರ್ಷ ಗಂಡನ ಜೊತೆ ತವರಿಗೆ ಹೋಗಿ ನಮ್ಮೂರು ಗೊಬ್ಬೂರಿಗೆ ಮರಳಿದಾಗ ಅವಳ ಮೈಮೇಲೆ ಜಂಪರ್ ಇತ್ತು. ಆಗ ನಾವೆಲ್ಲ ಖಣದ ಕುಬಸ ತೊಟ್ಟು ಎದೆಯ ಮುಂದೆ ಗಂಟು ಹಾಕಿಕೊಳ್ಳುವವರು. ಅವಳ ಜಂಪರಿಗೆ ಗಂಟಿರಲಿಲ್ಲ, ಗುಂಡಿಗಳಿದ್ದವು. ತಿಳಿ ಗುಲಾಬಿ ಬಣ್ಣ, ಮೊಣಕೈವರೆಗೆ ತೋಳು, ತೋಳಿನ ತುದಿಗೆ ಬಿಳಿ ಲೇಸು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಅವಳು ಕೆಟ್ಟವಳಾಗಿರಲಿಲ್ಲ. ಕೆಟ್ಟವಳಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬಾಯಿ ತುಂಬ ಅಕ್ಕಾ ಎಂದು ಕರೆಯುತ್ತಿದ್ದಳು, ಬಿಸಿ ರೊಟ್ಟಿ ನನಗೇ ಎತ್ತಿಡುತ್ತಿದ್ದಳು. ಆದರೆ ನೀರಿಗೆ ಹೋದರೆ ಓಣಿಯ ಹೆಂಗಸರು ಅವಳ ತೋಳು ಹಿಡಿದು ಹೊಲಿಗೆ ನೋಡುತ್ತ ನಿಲ್ಲುತ್ತಿದ್ದರು. ನಾನು ತುಂಬಿದ ಕೊಡ ಹೊತ್ತು ಪಕ್ಕದಲ್ಲಿ ಕಾಯಬೇಕು. ಹಿರಿಯ ಸೊಸೆ ನಾನು, ಮಾತಾಡಿಸುವುದು ಅವಳನ್ನು.

"ಇದಕ್ಕ ಏನಂತಾರ ಬೇ?"

"ಜಂಪರ್ ಅಂತಾರ್ರಿ."

"ಇಂಗ್ಲಿಷ್ ಮಾತೇನು?"

"ಹೌದ್ರಿ."

ಆ ಮಾತನ್ನು ಅವಳು ತುಟಿ ಕೂಡಿಸಿ ಮೆಲ್ಲಗೆ ಹೇಳುತ್ತಿದ್ದಳು. ಹಿತ್ತಲಲ್ಲಿ ಒಬ್ಬಳೇ ಇದ್ದಾಗ ನಾನೂ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು 'ಜಂಪ್ರ' ಆಯಿತು. ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು.

ನನ್ನ ಹೊಟ್ಟೆ ಉರಿದದ್ದು ಬಟ್ಟೆಗಷ್ಟೇ ಅಲ್ಲ. ಅದನ್ನು ಮೈದುನನೇ ಹೊಲಿಸಿಕೊಟ್ಟಿರಬೇಕು, ಹೆಂಡತಿಯ ತೋಳಿನ ಅಳತೆ ಕೂಡ ಅವನಿಗೆ ಗೊತ್ತಿರಬೇಕು ಎಂದು ನಾನು ಎಣಿಸಿದ್ದೆ. ನನ್ನ ಗಂಡ ಅಫಜಲಪುರದ ಸಂತೆಗೆ ಹೋದರೆ ಎತ್ತಿಗೆ ಹಗ್ಗ ತರುತ್ತಿದ್ದರು, ಕೊಡಲಿಗೆ ಕಾವು ತರುತ್ತಿದ್ದರು. ನನಗೆಂದು ಒಂದು ರಿಬ್ಬನ್ನನ್ನೂ ತಂದವರಲ್ಲ. ಹೊಸ್ತಿಲು ದಾಟಿದ ಮೇಲೆ ಈ ಮನುಷ್ಯನಿಗೆ ನನ್ನ ನೆನಪಿರುತ್ತದೆಯೇ? ನನಗೆ ತಿಳಿಯಬೇಕಾಗಿದ್ದದ್ದು ಅದೊಂದೇ.

ಆ ಬೇಸಿಗೆ ಆಳಂದದಲ್ಲಿ ಅತ್ತೆಯ ತಂಗಿಯ ಮಗಳ ಮದುವೆ ಗೊತ್ತಾಯಿತು. ಅದೇ ಹೊತ್ತಿಗೆ ನಮ್ಮ ಹೊಲದಲ್ಲಿ ಬಾವಿ ತೋಡುವಾಗ ಬಂಡೆ ಹತ್ತಿತ್ತು. ಬಂಡೆ ಒಡೆಯುವ ಕೆಲಸ ಕಲಿಯಲು ನನ್ನ ಗಂಡ ಜೇವರ್ಗಿ ಕಡೆಯ ಗುತ್ತೇದಾರನೊಬ್ಬನ ಹತ್ತಿರ ಹೋಗಿದ್ದರು. ಒಂದು ದಿನ ಅಲ್ಲಿಂದ ಬಂದ ಗಾಡಿಯವನು ಅಂಗಳದಲ್ಲಿ ನಿಂತು ಕೂಗಿದ.

"ಅಕ್ಕಾರ, ನಿಮ್ಮ ಮನಿಯವರು ಸೋಮವಾರ ಬರ್ತಾರಂತ್ರಿ. ಬರೂಮುಂದ ಜಂಪರ್ ತರ್ತೇನಿ ಅಂತ ಹೇಳು ಅಂದಾರ."

"ಏನ ತರ್ತಾರಂತ?"

"ಜಂಪರ್ ರೀ, ಜಂಪರ್."

ನನಗೆ ಮೊದಲ ಸಲವೇ ಕೇಳಿಸಿತ್ತು. ಒಳಗಿದ್ದ ನೆಗೆಣ್ಣಿಗೂ ಕೇಳಿಸಲಿ ಎಂದು ಇನ್ನೊಮ್ಮೆ ಹೇಳಿಸಿದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ನೀರಿಗೆ ಹೋದಲ್ಲಿ, ಕಾಳು ಒಡೆಯಲು ಕೂತಲ್ಲಿ, ಎಲ್ಲೆಲ್ಲೂ ಅದೇ ಮಾತು. "ನಮ್ಮವರು ಜಂಪರ್ ತರಾಕತ್ತಾರ. ಆಳಂದದ ಮದಿವ್ಯಾಗ ಹಾಕ್ಕೋತೇನಿ, ನೋಡೀರಂತ." ನೆಗೆಣ್ಣಿಯನ್ನೂ ಬಿಡಲಿಲ್ಲ. "ನಿಂದು ಬಣ್ಣ ಬಿಟ್ಟದಲ್ಲ ಬೇ, ಪಾಪ," ಎಂದೆ. ಅವಳು ತನ್ನ ತೋಳು ನೋಡಿಕೊಂಡು, "ಹೌದಕ್ಕಾ," ಎಂದಳು.

ಸೋಮವಾರ ಗಾಡಿ ಬಂತು. ನೋಡಲು ಓಣಿಯ ಅರ್ಧದಷ್ಟು ಹೆಂಗಸರು ನಮ್ಮ ಅಂಗಳದಲ್ಲಿದ್ದರು, ಕರೆದವಳು ನಾನೇ. ಗಾಡಿಯಿಂದ ಇಬ್ಬರು ಆಳುಗಳು ಒಂದು ಕಬ್ಬಿಣದ ಸಲಾಕೆ ಇಳಿಸಿದರು. ಆಳೆತ್ತರದ್ದು, ತುದಿಯಲ್ಲಿ ಉಳಿಯಂಥ ಬಾಯಿ. ನನ್ನ ಗಂಡ ಬೆವರು ಒರೆಸಿಕೊಳ್ಳುತ್ತ ಹಿಗ್ಗಿನಿಂದ ಹೇಳಿದರು:

"ಇದೇ ನೋಡ್ರಿ ಜಂಪರ್. ಎತ್ತಿ ಎತ್ತಿ ಕುಕ್ಕಿದರ ಎಂಥಾ ಬಂಡೆಗಲ್ಲಿಗೂ ತೂತು ಬೀಳ್ತದ. ಜಿಗದು ಜಿಗದು ಬೀಳ್ತದಲ್ಲ, ಅದಕ್ಕ ಸಾಹೇಬರು ಜಂಪರ್ ಅಂತಾರಂತ."

ಮೊದಲು ನಕ್ಕವರು ಅತ್ತೆ. "ತೊಟ್ಕೋ ಬೇ, ಮದಿವ್ಯಾಗ ಛಂದ ಕಾಣ್ತದ!" ಎಂದರು. ಅಂಗಳವೆಲ್ಲ ನಕ್ಕಿತು. ನೆಗೆಣ್ಣಿ ಬಾಯಿಗೆ ಸೆರಗು ಹಿಡಿದಿದ್ದಳು. ಅವಳು ನಕ್ಕಳೋ ಇಲ್ಲವೋ ಕಾಣಲಿಲ್ಲ, ನಕ್ಕಳೆಂದೇ ಹಿಡಿದೆ.

"ಯಾಕ ನಗಾಕತ್ತಾರ ಇವರು?" ಎಂದು ಗಂಡ ಒಳಗೆ ಬಂದು ಕೇಳಿದರು.

ಎಲ್ಲ ಹೇಳಿದೆ, ಅಳುತ್ತಲೇ ಹೇಳಿದೆ. "ನಿಮಗ ಬಾವಿ ಒಂದೇ ಗೊತ್ತದ. ಹೇಂತಿ ಅಂಬಾಕಿ ಒಬ್ಬಾಕಿ ಮನ್ಯಾಗ ಅದಾಳ ಅಂತ ಒಮ್ಮಿಯಾದರೂ ನೆನಪಾಗ್ಯದೇನ್ರಿ?"

ಅವರು ಮರುದಿನ ಬಾವಿಯ ಕೆಲಸ ಬಿಟ್ಟು ಅಫಜಲಪುರಕ್ಕೆ ಹೋದರು. ನೀಲಿ ಬಟ್ಟೆ ಕೊಂಡು ಸಿಂಪಿಗನ ಅಂಗಡಿಗೆ ಹೋದರೆ ಅವನು ಅಳತೆ ಕೇಳಿದನಂತೆ. ಹೆಂಡತಿಯ ಅಳತೆಯನ್ನು ಪರಗಂಡಸಿಗೆ ಹೇಳುವುದು ಹೇಗೆ? ಗೊತ್ತಾದರೂ ಎಲ್ಲಿತ್ತು? ಮೈಮೇಲಿದ್ದ ಜುಬ್ಬಾ ಕಳಚಿ ಕೊಟ್ಟು, "ಇದಕ್ಕಿಂತ ಜರಾ ಸಣ್ಣದು ಮಾಡ್ರಿ," ಎಂದರಂತೆ. ಹೊಲಿದು ಮುಗಿಯುವವರೆಗೆ ಟವೆಲ್ ಹೊದ್ದುಕೊಂಡು ಸಂತೆಯ ಜನರೆದುರಿಗೆ ಕಟ್ಟೆಯ ಮೇಲೆ ಕೂತಿದ್ದರಂತೆ. ಬಂದ ಬಟ್ಟೆಗೆ ಗುಂಡಿಯೂ ಇತ್ತು, ಲೇಸೂ ಇತ್ತು. ಉದ್ದ ಮಾತ್ರ ತೊಡೆಯವರೆಗೆ ಇಳಿದಿತ್ತು.

ಎಷ್ಟೋ ವರ್ಷಗಳ ಮೇಲೆ, ಮಗಳ ಕಾಲೇಜಿನ ದಪ್ಪ ನಿಘಂಟಿನಲ್ಲಿ ಈ ಶಬ್ದ ಹುಡುಕಿಸಿದೆ. ಆ ಶಬ್ದದ ಮೇಲೆ ಇನ್ನೂ ಸಿಟ್ಟಿತ್ತು. ಮಗಳು ಓದಿ ಹೇಳಿದಳು: ಜಿಗಿಯುವವನು ಜಂಪರ್, ಕಲ್ಲು ಕೊರೆಯುವ ಸಲಾಕೆ ಜಂಪರ್, ಹಡಗಿನ ಆಳುಗಳ ಒರಟು ಅಂಗಿ ಜಂಪರ್, ಬಿಳಿಯರ ಉಣ್ಣೆಯ ಅಂಗಿಯೂ ಜಂಪರ್. ಆದರೆ ಜಿಗಿಯುವ ಜಂಪರಿಗೂ ತೊಡುವ ಜಂಪರಿಗೂ ನಂಟಿಲ್ಲವಂತೆ. ತೊಡುವುದು ಫ್ರೆಂಚರ ಕಡೆಯಿಂದ ಬಂದಿರಬೇಕಂತೆ, ಅವರಿಗೆ ಅರಬರಿಂದ. ಅರಬರ ಮೂಲ ಶಬ್ದ ಯಾವುದೆಂದು ಕೇಳಿದೆ. ಜುಬ್ಬಾ ಎಂದಳು. ನಮ್ಮ ಜುಬ್ಬಾ ನಿಜಾಮರ ಉರ್ದುವಿನ ಜೊತೆ ನೆಲದ ದಾರಿಯಿಂದ ಬಂತು, ನೆಗೆಣ್ಣಿಯ ಜಂಪರ್ ಸಮುದ್ರ ಸುತ್ತಿ ಸೊಲ್ಲಾಪುರದಿಂದ ಬಂತು. ಎರಡೂ ಒಂದೇ ಮನೆಯವು. ನನ್ನ ಗಂಡ ತಿಳಿಯದೇ ಸರಿಯಾದ ಅಳತೆಯನ್ನೇ ಕೊಟ್ಟಿದ್ದರು.

ಆದರೆ ಮದುವೆಯ ದಿನ ಅದೆಲ್ಲ ಯಾರಿಗೆ ಗೊತ್ತು? ಆಳಂದದಲ್ಲಿ ಹೆಂಗಸರ ಕೋಣೆಯ ಮೂಲೆಯಲ್ಲಿ ನಾನು ಆ ಉದ್ದವನ್ನು ಸೀರೆಯೊಳಗೆ ತುರುಕುತ್ತ ಒದ್ದಾಡುತ್ತಿದ್ದೆ. ನೆಗೆಣ್ಣಿ ಹತ್ತಿರ ಬಂದು ತಾನೂ ಕೈ ಹಚ್ಚಿದಳು.

"ಇದು ಜುಬ್ಬಾದಂಗ ಅದಲ್ಲಕ್ಕಾ?"

ಜಗಳಕ್ಕೆ ಸಿದ್ಧವಾಗಿಯೇ ಹೇಳಿದೆ. "ಹೌದು ಬೇ, ನಮ್ಮವರ ಜುಬ್ಬಾದ ಅಳತಿ. ನಾ ಕಣ್ಣೀರು ಹಾಕಿದೆ ಅಂತ ಕೆಲಸ ಬಿಟ್ಟು ಹೋದರು. ಮೈಮ್ಯಾಲಿಂದ ತೆಗದುಕೊಟ್ಟು, ಮುಗಿಯೂತನಕ ಅಲ್ಲೇ ಕೂತು ಹೊಲಿಸ್ಯಾರ. ಏನೀಗ?"

ಅವಳು ನಗಲಿಲ್ಲ. ಅವಳ ಕೈ ನಿಂತಿತು.

"ನಂದು ನಮ್ಮಪ್ಪ ಹೊಲಿಸಿದ್ದಕ್ಕಾ," ಎಂದಳು. "ನಮ್ಮವರಿಗ ಇದರ ಬಣ್ಣ ಯಾವುದು ಅಂತ ಕೇಳಿದರ ಹೇಳಾಕ ಬರಂಗಿಲ್ಲ."

ಹಾಗೆಂದವಳು ನನ್ನ ತೋಳಿನ ಲೇಸನ್ನು ಎರಡು ಬೆರಳಲ್ಲಿ ಹಿಡಿದಳು. ಹಿಡಿದವಳು ಬಿಡಲಿಲ್ಲ. ಅವಳ ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಅವಳ ಜಂಪರನ್ನು ನಾನು ನೋಡುತ್ತಿದ್ದದ್ದು ಹಾಗೆಯೇ. ಹೊರಗೆ ಅಕ್ಷತೆಗೆ ಕರೆಯುತ್ತಿದ್ದರು. ನಾನು ಅವಸರ ಮಾಡಲಿಲ್ಲ, ತೋಳನ್ನು ಇನ್ನಷ್ಟು ಅವಳ ಕಡೆಗೆ ಚಾಚಿದೆ.