ಬಲೆಯ ಗೂಟದ ನಿಂಬೆಹಣ್ಣು

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ವಳಸಂಗದಲ್ಲಿ ನನ್ನ ಮಾತಿಗೆ ತೂಕವಿದೆ. ಕಲ್ಲು ತುಂಬಿದ್ದ ಭೂಮಿಯನ್ನು ಕೈಯಾರೆ ಹಸನು ಮಾಡಿದವನು, ಸುಳ್ಳು ಹೇಳಿ ಉಂಡವನಲ್ಲ ಎಂದು ಊರು ನಂಬುತ್ತದೆ. ಆ ನಂಬಿಕೆಯ ಬಲದಿಂದಲೇ ಒಬ್ಬ ಹೆಣ್ಣುಮಗಳ ಬಾಳು ಕೆಡಿಸಿದೆ.

ಆಕೆ ಕುರಿ ಕಾಯುವವಳು. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾನೇ ನಡೆಸುತ್ತಿದ್ದಳು. ನಮ್ಮ ಕಡೆ ಬಿತ್ತುವ ಮುಂಚೆ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ. ಸುತ್ತ ಬಲೆ ಕಟ್ಟಿ ರಾತ್ರಿ ಹಿಂಡನ್ನು ಒಳಗೆ ಕೂಡಿಹಾಕಿದರೆ ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ ಸೇರುತ್ತದೆ. ಪ್ರತಿಯಾಗಿ ಜೋಳ ಕೊಡುವುದು ರೂಢಿ. ಬಲೆಯನ್ನು ದಿನಾ ಹೊಸ ಜಾಗಕ್ಕೆ ಸರಿಸಬೇಕು.

ಆ ವರ್ಷ ಬಾವಿ ಕಡೆಯ ಮೂಲೆಯಿಂದ ಬಲೆ ಸರಿಸಲು ನಾನು ಬಿಡಲಿಲ್ಲ.

"ಅಣ್ಣಾರ, ಇದು ಮಸಾರಿ ಮಣ್ಣು, ನೀರ ಹಿಡಿಯಂಗಿಲ್ಲ. ಒಂದ ರಾತ್ರಿ ಸಾಕರಿ. ಗೊಬ್ಬರ ಹೆಚ್ಚಾಗಿ ಮಳಿ ಕೈಕೊಟ್ರ ಪೀಕ ಸುಡತೈತಿ," ಎಂದಳು.

"ಏ ತಂಗಿ, ಒಕ್ಕಲತನ ನನಗ ಕಲಸ್ತೀ ಏನ? ನೀ ಕುರಿ ಎಣಸ್ಕೋ ಹೋಗ," ಎಂದೆ. ನಾಲ್ಕು ರಾತ್ರಿ ಅಲ್ಲೇ ನಿಲ್ಲಿಸಿದೆ.

ಒಂದು ಹದ ಮಳೆ ಬಂದು ನಿಂತಿತು. ಉಳಿದ ಹೊಲ ಹಸಿರಾಗಿರುವಾಗ ಆ ಮೂಲೆಯ ಸಜ್ಜೆ ಮಾತ್ರ ಹಳದಿಯಾಗಿ ಸುಟ್ಟುಹೋಯಿತು. ಕಳೆ ತೆಗೆಯುವಾಗ ಅಲ್ಲೊಂದು ಒಣಗಿದ ನಿಂಬೆಹಣ್ಣು ಸಿಕ್ಕಿತು, ಕರಿ ಉಣ್ಣೆಯ ದಾರ ಸುತ್ತಿದ್ದು. ತೋಳ ಬರಬಾರದೆಂದು ಕುರಿಯವರು ಬಲೆಯ ಮೊದಲ ಗೂಟದ ಬುಡದಲ್ಲಿ ಹೂಳುವುದು ಅದನ್ನೇ. ನನಗದು ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ್ದೆ. ಆದರೂ ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡೆ.

ಚಹಾದಂಗಡಿಯಲ್ಲಿ ಪಕ್ಕದ ಹೊಲದವನು ಕೆಣಕಿದ: "ಏನ್ ಕಾಕಾ, ನಿಮ್ಮ ಮೂಲಿ ಬೋಳಾಗೇತಲ್ಲ? ಭೂಮಿಗೆ ಗೊಬ್ಬರ ಅಜೀರ್ಣ ಆತೇನ?"

ಎಲ್ಲರೂ ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ನಿಂಬೆಹಣ್ಣು ತೆಗೆದು ಮೇಜಿನ ಮೇಲಿಟ್ಟೆ.

"ಗೊಬ್ಬರ ಅಲ್ಲೋ. ಆ ಕುರಿಯಾಕಿ ಮಾಟಗಾತಿ."

ನಗು ನಿಂತಿತು.

ಮುಂದಿನ ಹಂಗಾಮಿಗೆ ವಳಸಂಗದಲ್ಲಿ ಯಾರೂ ಆಕೆಯನ್ನು ಕರೆಯಲಿಲ್ಲ. ಬಿಳೂರಿನವರೂ ಬೇಡವೆಂದರು. ಆಕೆ ಹಾದು ಹೋಗುವಾಗ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಹಿಂಡು ಅರ್ಧಕ್ಕೆ ಇಳಿಯಿತು. ಎರಡು ವರ್ಷ ನಾನು ಬಾಯಿ ಬಿಡಲಿಲ್ಲ.

ಹೋದ ಬೇಸಿಗೆ ಕರಜಗಿ ದಾರಿಯಲ್ಲಿ ಎದುರಾದಳು. ನನ್ನನ್ನು ಕಂಡೊಡನೆ ಕುರಿಗಳನ್ನು ರಸ್ತೆಯಿಂದ ಕೆಳಗಿಳಿಸಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು ನಿಂತಳು. ತನ್ನ ಕಣ್ಣು ನನ್ನ ಮೇಲೆ ಬೀಳಬಾರದೆಂದು. ಗಾಡಿ ನಿಲ್ಲಿಸಿದೆ.

"ತಂಗೀ, ಈ ಸಲ ನನ್ನ ಹೊಲದಾಗ ಕುರಿ ನಿಲ್ಲಸ."

"ನೀವೊಬ್ರು ಕರದ್ರ ಏನಾತರಿ ಅಣ್ಣಾರ? ಆ ಮಾತ ಎಲ್ಲಿ ಅಂದಿದ್ರಿ, ಅಲ್ಲೇ ಹೋಗಿ ಖರೆ ಹೇಳ್ರಿ. ಆಮ್ಯಾಲ ಬರ್ತೀನಿ."

ಎರಡು ದಿನ ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ಮೂರನೆಯ ದಿನ ಹೇಳಿದೆ: "ಆಕಿ ಮಾಟ ಮಾಡಿಲ್ಲ. ನಾಕ ರಾತ್ರಿ ಕುರಿ ಒಂದ ಕಡೆ ನಿಲ್ಲಿಸಿ ಪೀಕ ಸುಟ್ಟಾಂವ ನಾನ. ಆ ನಿಂಬಿಹಣ್ಣು ತೋಳಕ್ಕ ಇಟ್ಟಿದ್ದು."

ಪಕ್ಕದ ಹೊಲದವನು ಗ್ಲಾಸು ಕೆಳಗಿಟ್ಟು, ಕನಿಕರದಿಂದಲೇ ಕೇಳಿದ: "ಕಾಕಾ, ಆಕಿ ಎಲ್ಲೆರ ಎದರ ಬಂದಿದ್ಲೇನ್ರಿ? ಏನರ ತಿನ್ನಾಕ ಕೊಟ್ಲೇನ?"

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮರುದಿನ ಆಕೆಯ ಬಳಿ ಹೋದೆ.

"ಹೇಳಿದ್ರಿ?"

"ಹೇಳ್ದೆ."

"ಏನಂದ್ರು?"

"ನೀ ನನಗೂ ಮಾಟ ಮಾಡೀದಿ ಅಂತ ತಿಳಕೊಂಡ್ರು."

ಆಕೆ ಕುರಿಗಳ ಕಡೆ ತಿರುಗಿದಳು. ಕೊಟ್ಟ ಮಾತಿನಂತೆ ಸಂಜೆ ಹಿಂಡು ತಂದಳು. ಊರಿನಲ್ಲಿ ಆಕೆಗೆ ಇದ್ದದ್ದು ಅದೊಂದೇ ಹೊಲ. ಗೂಟಗಳನ್ನು ನಾನೇ ಹೊಡೆಯಲು ನಿಂತೆ. ಮೊದಲ ಗೂಟಕ್ಕೆ ತೋಡಿದ ಕುಣಿ ಖಾಲಿ ಇತ್ತು.

"ನಿಂಬಿಹಣ್ಣು ಇಡಲಿಲ್ಲ?"

"ಬ್ಯಾಡ್ರಿ ಅಣ್ಣಾರ. ತೋಳ ಬಂದ್ರ ಒಂದ ಕುರಿ ಒಯ್ತೈತಿ. ಅದನ್ನ ತಾಳ್ಕೋತೀನಿ."

ನಾನು ತಲೆಯೆತ್ತದೆ ಮುಂದಿನ ಗೂಟ ಹೊಡೆದೆ.