ಸಾವಿನ ಮನೆಯಲ್ಲಿ ಕುಡಿದ ಟೀ

ಎರಡು ವರ್ಷಗಳ ಹಿಂದಿನ ಬೇಸಿಗೆ ರಜೆಯ ಮಾತು. ನನ್ನ ಗಂಡ ಗುರು ಹೃದಯಾಘಾತದಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. "ಮಗಳನ್ನ ಕರ್ಕೊಂಡು ಮೈಸೂರಿಗೆ ಹೋಗಿ ಬಾ, ಮನಸ್ಸು ಹಗುರಾಗತ್ತೆ" ಎಂದು ಅಮೆರಿಕಾದಲ್ಲಿ ನಾವಿರುವ ಸಮರ್‌ಸೆಟ್‌ನ ಸ್ನೇಹಿತರೆಲ್ಲ ಹೇಳುತ್ತಿದ್ದರು. ನನಗೆ ಧೈರ್ಯ ಬರಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಬಂದು "ಅಯ್ಯೋ ಪಾಪ" ಎನ್ನುವುದನ್ನು ನೆನೆದರೇ ಸುಸ್ತಾಗುತ್ತಿತ್ತು. ನಮ್ಮ ಗುರುತೇ ಇಲ್ಲದ ಜಾಗ ಬೇಕಿತ್ತು. ಆಫೀಸಿನ ಗೆಳತಿಯೊಬ್ಬಳು ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಹಳ್ಳಿಯ ಹೆಸರು ಹೇಳಿದಳು. ನ್ಯೂಆರ್ಕ್‌ನಿಂದ ನೇರ ವಿಮಾನವಿತ್ತು. ಟಿಕೆಟ್ ತೆಗೆದುಬಿಟ್ಟೆ.

ನನ್ನ ಚಿಂತೆಯೆಲ್ಲ ಹದಿನಾಲ್ಕು ವರ್ಷದ ಮಗಳು ಅನನ್ಯಾಳದು. ಅಪ್ಪ ಹೋದ ದಿನದಿಂದ ಅವಳು ಅಪ್ಪನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅತ್ತೂ ಇರಲಿಲ್ಲ. ಶಾಲೆ, ಹೋಮ್‌ವರ್ಕ್, ಊಟ, ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನನಗೆ ಭಯವಾಗುತ್ತಿದ್ದುದೇ ಅದಕ್ಕೆ. ನಮ್ಮ ಕನ್ನಡದ ಸ್ನೇಹಿತರು ನಿಜಕ್ಕೂ ಒಳ್ಳೆಯವರು. ವಾರಗಟ್ಟಲೆ ಸರದಿಯ ಮೇಲೆ ಅಡುಗೆ ಮಾಡಿ ತಂದುಕೊಟ್ಟರು. ಆದರೆ ನಮಗೆ ನೋವಾದೀತೆಂದು ಗುರುವಿನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮಗಳ ಮುಂದೆ ನಾನೂ ಎತ್ತುತ್ತಿರಲಿಲ್ಲ. ಅಂಥ ಮನುಷ್ಯನೊಬ್ಬ ಆ ಮನೆಯಲ್ಲಿ ಇದ್ದೇ ಇರಲಿಲ್ಲವೇನೋ ಎನ್ನುವ ಹಾಗಾಗಿತ್ತು.

ಹಳ್ಳಿ ತುಂಬ ಹಿಡಿಸಿತು. ಗದ್ದೆಯಂಥ ಹಸಿರಿನ ನಡುವೆ ಬರೀ ಕಲ್ಲು ಪೇರಿಸಿದ ಮೋಟು ಗೋಡೆಗಳು, ಆಚೆಗೆ ಸಮುದ್ರ. ಅಲ್ಲಿ ರಸ್ತೆಯ ಎಡಗಡೆ ಕಾರು ಓಡಿಸಬೇಕು. ಮೈಸೂರಿನಲ್ಲಿ ಸ್ಕೂಟರ್ ಓಡಿಸಿದ ನನಗೆ ಅದು ಹಳೆಯ ಅಭ್ಯಾಸ. ಆದರೆ ರಸ್ತೆಗಳು ಸಮರ್‌ಸೆಟ್‌ನ ಮನೆಗಳ ಡ್ರೈವ್‌ವೇಗಳಿಗಿಂತ ಕಿರಿದು. ನಾವು ಇಳಿದುಕೊಂಡದ್ದು ಬ್ರಿಜಿಡ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ. ಸಂಜೆ ಹೊತ್ತು ಊರಿನ ಪಬ್‌ಗೆ ಹೋದರೆ ಯಾರೋ ಪಿಟೀಲು ತಂದಿರುತ್ತಿದ್ದರು, ಇನ್ಯಾರೋ ಕೊಳಲು. ವೇದಿಕೆಯಿಲ್ಲ, ಮೈಕಿಲ್ಲ, ಮೇಜಿನ ಸುತ್ತ ಕೂತು ನುಡಿಸುತ್ತಿದ್ದರು. ಅನನ್ಯಾ ಫೋನ್ ಪಕ್ಕಕ್ಕಿಟ್ಟು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಕುರಿಗಳ ಹಿಂಡು ನಮ್ಮ ಕಾರಿಗೆ ಅಡ್ಡ ಬಂತು. ಅವುಗಳ ಯಜಮಾನ ಪ್ಯಾಟ್, ಬ್ರಿಜಿಡ್‌ಳ ಪಕ್ಕದ ಮನೆಯ ಮುದುಕ. ಅನನ್ಯಾಳನ್ನು ಕೆಳಗಿಳಿಸಿ, ಗೋಡೆ ಮುರಿದಿದ್ದ ಕಡೆ ಎರಡೂ ಕೈ ಚಾಚಿ ನಿಲ್ಲಲು ಹೇಳಿದ. ಕುರಿಗಳು ಅವಳನ್ನು ಕಂಡು ಬೆದರಿ ಸರಿಯಾದ ದಾರಿಗೆ ತಿರುಗಿದವು. "ನಿಂಗೆ ಇಲ್ಲೇ ಕೆಲಸ ಕೊಡ್ತೀನಿ, ಅಮೆರಿಕಾಗೆ ವಾಪಸ್ ಹೋಗ್ಬೇಡ" ಎಂದ ಅವನ ಮಾತಿಗೆ ಮಗಳು ನಕ್ಕಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

ಎರಡು ದಿನ ಕಳೆದ ಮೇಲೆ ತಿಂಡಿ ಬಡಿಸುತ್ತ ಬ್ರಿಜಿಡ್, ಪ್ಯಾಟ್ ನಿದ್ದೆಯಲ್ಲೇ ಹೋಗಿಬಿಟ್ಟನೆಂದು ಹೇಳಿದಳು. ಅಲ್ಲಿಯ ಪದ್ಧತಿಯಂತೆ ದೇಹವನ್ನು ಮನೆಯಲ್ಲೇ ಇಟ್ಟು ಊರಿಗೆ ಊರೇ ಬಂದು ನೋಡುತ್ತದೆ. "ಸಂಜೆ ನೀವೂ ಬನ್ನಿ" ಎಂದಳು. ನಾವು ಹೊರಗಿನವರು ಎಂದೆ. "ಅವನ ಕುರಿ ತಿರುಗಿಸಿದವಳು ಹೊರಗಿನವಳು ಹೇಗಾಗ್ತಾಳೆ?" ಎಂದು ಕೇಳಿದಳು. ಮಗಳನ್ನು ಅಂಥ ಕಡೆ ಕರೆದೊಯ್ಯಲು ನನಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ಅನನ್ಯಾ, "ಐ ವಾಂಟ್ ಟು ಗೋ, ಅಮ್ಮಾ" ಎಂದಳು.

ಸಂಜೆ ಹೋದಾಗ, ಪ್ಯಾಟ್‌ನ ಮನೆಯ ಮುಂದಿನ ಕೋಣೆಯಲ್ಲಿ ಶವದ ಪೆಟ್ಟಿಗೆ. ಅದರಲ್ಲಿ ಕೋಟು ತೊಟ್ಟು ಮಲಗಿದ್ದ ಮುದುಕ. ಜನ ಬಂದು ಅವನ ಕೈ ಮುಟ್ಟಿ, ಅವನ ಮಗಳು ನೋರಾಳ ಕೈ ಹಿಡಿದು ಎರಡು ಮಾತಾಡಿ, ಒಳಗೆ ಅಡುಗೆಮನೆಗೆ ಹೋಗುತ್ತಿದ್ದರು. ಅಲ್ಲಿ ಟೀ, ಕೇಕು, ರಾಶಿ ರಾಶಿ ಸ್ಯಾಂಡ್‌ವಿಚ್. ಜೊತೆಗೆ ನಗು! ಪ್ಯಾಟ್ ಒಮ್ಮೆ ಕಾಯಿಲೆ ಬಿದ್ದ ಕುರಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ ಡಾಕ್ಟರ ಹತ್ತಿರ ಒಯ್ದಿದ್ದನಂತೆ. ಹೆಣ ಇನ್ನೂ ಎದುರಿಗಿದೆ, ಇವರು ಬಿದ್ದು ಬಿದ್ದು ನಗುತ್ತಿದ್ದಾರೆ. ನಮ್ಮಲ್ಲಿ ಹೆಣ ಎತ್ತುವವರೆಗೆ ಒಲೆಯನ್ನೇ ಹಚ್ಚುವುದಿಲ್ಲ. ಯಾರೋ ಕೈಗೆ ಕೊಟ್ಟ ಟೀಯನ್ನು ಮೆಲ್ಲಗೆ ಪಕ್ಕಕ್ಕಿಟ್ಟೆ. ಅನನ್ಯಾ ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು. ಇನ್ನು ಸಾಕೆನಿಸಿತು. ಅವಳ ತೋಳು ಹಿಡಿದು, ನಮ್ಮ ಕಡೆ ಮಾಡುವ ಹಾಗೆ, ಯಾರಿಗೂ ಹೇಳದೆ ಹೊರಟುಬಿಟ್ಟೆ.

ಗೇಟಿನ ಹತ್ತಿರ ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ತಿರುಗಿ ನೋಡಿದರೆ ನೋರಾ.

"ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಟೀ ಮುಟ್ಟಲಿಲ್ಲ, ಒಂದು ಮಾತೂ ಹೇಳದೆ ಹೊರಟ್ರಿ."

ಅಪ್ಪನನ್ನು ಕಳೆದುಕೊಂಡವಳು ಅತಿಥಿಗೆ ಬೇಜಾರಾಯಿತೆಂದು ಓಡಿ ಬಂದಿದ್ದಳು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು. ಸಾವಿನ ಮನೆಯಲ್ಲಿ ನಾವು ಏನೂ ತೆಗೆದುಕೊಳ್ಳುವುದಿಲ್ಲ, ಹೊರಡುವಾಗ ಹೇಳಿ ಹೊರಡುವುದೂ ಇಲ್ಲ ಎಂದು ತಡವರಿಸುತ್ತ ವಿವರಿಸಿದೆ. 'ಹೋಗಿ ಬರ್ತೀನಿ' ಎಂದರೆ ಮತ್ತೆ ಇಂಥದಕ್ಕೇ ಬರಬೇಕಾದೀತು ಎಂಬ ಅಂಜಿಕೆ ನಮ್ಮವರಿಗೆ ಎಂದೆ.

ನೋರಾ ನಮ್ಮಿಬ್ಬರ ಮುಖ ನೋಡಿದಳು. "ಈಚೆಗೆ ಯಾರನ್ನೋ ಕಳಕೊಂಡಿದ್ದೀರಿ, ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅನನ್ಯಾ ಹೇಳಿದಳು, "ಮೈ ಡ್ಯಾಡ್."

ನೋರಾ ಅಯ್ಯೋ ಅನ್ನಲಿಲ್ಲ. "ಹೆಸರೇನು ಮಗು? ಎಂಥ ಮನುಷ್ಯ ಅವನು?" ಎಂದು ಕೇಳಿದಳು. ಎಂಟು ತಿಂಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ.

"ಗುರು," ಎಂದಳು ಮಗಳು. ಮತ್ತೆ, "ಹೀ ವಾಸ್ ಫನ್ನಿ" ಎಂದಳು.

ನೋರಾ ಅವಳ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಮೇಜಿನ ಸುತ್ತ ಇದ್ದವರು ಜಾಗ ಮಾಡಿಕೊಟ್ಟರು. ಅನನ್ಯಾ ಮೊದಲು ತಲೆ ತಗ್ಗಿಸಿ, ಆಮೇಲೆ ಎತ್ತಿ, ಒಂದು ಹಿಮದ ದಿನದ ಕಥೆ ಹೇಳಿದಳು. ನಮ್ಮ ಟೌನ್‌ಹೌಸ್‌ನ ಪಾರ್ಕಿಂಗ್ ಲಾಟ್‌ನಲ್ಲಿ ಕಾರುಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಗುರು ಗಂಟೆಗಟ್ಟಲೆ ಸಲಿಕೆ ಹಿಡಿದು ಒಂದು ಕಾರನ್ನು ಬಿಡಿಸಿದ. ಬೆವರು ಒರೆಸಿಕೊಂಡು ಕೀ ಒತ್ತಿದರೆ ಪಕ್ಕದ ಹಿಮದ ಗುಡ್ಡೆ ಕೀಂ ಎಂದಿತು. ಅವನು ಬಿಡಿಸಿದ್ದು ಪಕ್ಕದ ಮನೆಯವರ ಕಾರು! ಅವರು ಬಂದು ಧನ್ಯವಾದ ಹೇಳಿದಾಗ, "ನೇಬರ್ಸ್ ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ" ಎಂದು ಗಂಭೀರವಾಗಿ ಹೇಳಿ ಒಳಗೆ ಬಂದಿದ್ದ.

ಅಡುಗೆಮನೆ ನಗುವಿನಿಂದ ತುಂಬಿಹೋಯಿತು. ಅನನ್ಯಾಳೂ ನಕ್ಕಳು, ನಗುತ್ತಿದ್ದ ಹಾಗೆಯೇ ಅಳು ಒತ್ತರಿಸಿ ಬಂತು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಬ್ರಿಜಿಡ್ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಅಷ್ಟೇ. ಮುದುಕನೊಬ್ಬ ತನ್ನ ಟೀ ಕಪ್ ಎತ್ತಿ ಗುರುವಿನ ಹೆಸರು ಹೇಳಿದ. ಎಲ್ಲರೂ ತಮ್ಮ ತಮ್ಮ ಬಾಯಿಗೆ ಬಂದ ಹಾಗೆ ಆ ಹೆಸರು ಹೇಳಿದರು. ನನ್ನ ಗಂಡನ ಹೆಸರನ್ನು ಆ ಪರವೂರಿನವರ ಬಾಯಲ್ಲಿ ಕೇಳಿದೆ. ಮುಂದಿದ್ದ ಟೀ ಎತ್ತಿಕೊಂಡು ಕುಡಿದೆ. ಹಾಲು ಜಾಸ್ತಿ, ಸಕ್ಕರೆಯೇ ಇಲ್ಲ. ಪೂರ್ತಿ ಕುಡಿದೆ.

ಆ ವರ್ಷ ಸಮರ್‌ಸೆಟ್‌ನ ಮನೆಯಲ್ಲಿ ಗುರುವಿನ ವರ್ಷಾಬ್ದಿಕ ಮಾಡಿದೆವು. ಊಟವಾದ ಮೇಲೆ ನಾನು ಧೈರ್ಯ ಮಾಡಿ, "ಗುರು ಬಗ್ಗೆ ಒಬ್ಬೊಬ್ರೂ ಏನಾದ್ರೂ ಹೇಳಿ, ಪ್ಲೀಸ್" ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಅವನ ಜೊತೆ ದಿನಾ ಟ್ರೈನಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ವೆಂಕಟೇಶ್ ಮಾತು ಶುರುಮಾಡಿದರು.

"ನೀವು ಆಫೀಸ್ ಕೆಲಸಕ್ಕೆ ಅಂತ ಒಂದು ವಾರ ಕ್ಯಾಲಿಫೋರ್ನಿಯಾಗೆ ಹೋಗಿದ್ರಲ್ಲ, ಆಗ ಅನನ್ಯಾ ಚಿಕ್ಕವಳು. ಇವನು ಟ್ರೈನಲ್ಲಿ ಫೋನಲ್ಲಿ ವಿಡಿಯೋ ಹಾಕ್ಕೊಂಡು, ಶೂ ಲೇಸ್ ಹಿಡ್ಕೊಂಡು ಜಡೆ ಹೆಣೆಯೋದು ಕಲೀತಿದ್ದ. ಎಲ್ರೂ ನೋಡೋರು. ಅವನಿಗೇನೂ ನಾಚ್ಕೇನೇ ಇಲ್ಲ."

"ಇಟ್ ವಾಸ್ ಹಾರಿಬಲ್, ಅಂಕಲ್!" ಎಂದಳು ಅನನ್ಯಾ. "ಒಂದು ಜಡೆ ಮೇಲೆ, ಒಂದು ಕೆಳಗೆ. ಆದ್ರೂ ನಾನು ಬಿಚ್ಚಲಿಲ್ಲ. ಹಾಗೇ ಸ್ಕೂಲಿಗೆ ಹೋದೆ."

ಹದಿನೇಳು ವರ್ಷ ಅವನ ಜೊತೆ ಸಂಸಾರ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಹೋದವನ ಬಗ್ಗೆ ಇನ್ನು ಹೊಸದಾಗಿ ತಿಳಿಯುವುದು ಏನೂ ಇಲ್ಲ, ಇದ್ದಷ್ಟು ಮುಗಿಯಿತು ಎಂದುಕೊಂಡೇ ನಾನು ಆ ಒಂದು ವರ್ಷ ಕಳೆದಿದ್ದೆ. ಆ ಮಧ್ಯಾಹ್ನ ನನಗೆ ನನ್ನ ಗಂಡ ಇನ್ನೊಂದಿಷ್ಟು ಸಿಕ್ಕಿದ.