ಹೊರಟವರ ಜೊತೆ ನಡೆದವರು

“ಈ ಸಲ ಸಿಕ್ಕಿದ್ರೆ ಹೊರಗಿಂದ ಚಿಲಕ ಹಾಕೂದೇ ಸಿಸ್ಟರೇ. ನೀವು ಬೇಡ ಅಂದ್ರೂ ಕೇಳೂದಿಲ್ಲ.”

“ಮೊದಲು ಸಿಗಲಿ ಮಾರಾಯಾ. ಚಿಲಕ ಎಲ್ಲೂ ಓಡಿ ಹೋಗೂದಿಲ್ಲ.”

ಮರೆವಿನ ಕಾಯಿಲೆಯ ಶನಿಯಾರರು ಮತ್ತೆ ಮನೆಯಿಂದ ಕಾಣೆಯಾದ ಬೆಳಿಗ್ಗೆ, ಅವರ ಮಗ, ಮಾವಳ್ಳಿಯ ದಿನೇಶ ಮೊಗೇರರಿಗೆ ಹೀಗೆ ಉತ್ತರ ಕೊಟ್ಟವರೇ ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾದ ಶ್ರೀಮತಿ ಲಕ್ಷ್ಮೀ ನಾಯ್ಕ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮನೋರೋಗ ಶುಶ್ರೂಷೆಯ ಮಾತು ಬಂದಲ್ಲೆಲ್ಲ ಇವರ ಹೆಸರೂ ಬರುತ್ತದೆ. ಇವರನ್ನು ಮನೆಮನೆಗೆ ಕರೆದೊಯ್ದ ಜೀಪಿನ ಚಾಲಕನಾಗಿ ನಾನು ಕಂಡದ್ದನ್ನೂ, ಅದಕ್ಕಿಂತ ಹೆಚ್ಚಾಗಿ ಕೇಳಿದ್ದನ್ನೂ ಇಲ್ಲಿ ಹೇಳುತ್ತಿದ್ದೇನೆ.

ಕುಮಟಾದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಂಜೆಯಾದೊಡನೆ ಹೆದ್ದಾರಿಗೆ ಇಳಿದುಬಿಡುತ್ತಿದ್ದ ಹಳದೀಪುರದ ಶ್ರೀಗೌರಿ ಎಂಬವರನ್ನು ಎಳೆದು ತರುವ ಬದಲು ತಾವೂ ಜೊತೆಗೆ ನಡೆದು, ಸುಸ್ತಾದಲ್ಲಿ ಎಳನೀರು ಕುಡಿಸಿ, ಬಸ್ಸಿನಲ್ಲಿ ಮನೆಗೆ ಕರೆತಂದವರು ಇವರು. ಭಟ್ಕಳಕ್ಕೆ ವರ್ಗವಾದಾಗ, ತಮ್ಮ ಮನೆಯಲ್ಲೇ ಕೂತು ‘ಮನೆಗೆ ಹೋಗಬೇಕು’ ಎಂದು ಬಾಗಿಲಿಗೆ ಓಡುವ ಅಜ್ಜಿಯೊಬ್ಬರಿಗಾಗಿ ಅವರ ಮನೆಮಾತಾದ ನವಾಯತಿ ಕಲಿತರು. ಇವರ ಉಚ್ಚಾರ ಕೇಳಿ ನಗಬೇಕೆಂದೇ ಅಜ್ಜಿ ಮನೆಯಲ್ಲಿ ಉಳಿದರೆಂದು ನಾವೆಲ್ಲ ಚೇಷ್ಟೆ ಮಾಡಿದ್ದುಂಟು. ‘ಅಲೆದಾಟ ಅನ್ನೂದು ನಮ್ಮ ಶಬ್ದ, ಹೊರಟವರಿಗೆ ಅದು ಕೆಲಸ’ ಎಂಬುದು ಇವರ ನಂಬಿಕೆ.

ಆ ಬೆಳಿಗ್ಗೆ ನಡೆದದ್ದೂ ಹಾಗೆಯೇ. ಮಳೆಗಾಲ, ಮೀನುಗಾರಿಕೆ ಬಂದ್ ಆಗಿತ್ತು. ಶನಿಯಾರರು ಹಿಂದೆ ದೋಣಿ ನಡೆಸಿದ ತಾಂಡೇಲರಾದ್ದರಿಂದ ಕೇರಿಯವರ ಮನಸ್ಸೆಲ್ಲ ಕಡಲಿಗೇ ಓಡಿ, ದಂಡೆಗುಂಟ ಹುಡುಕಾಟ ನಡೆದಿತ್ತು. ಸಿಸ್ಟರು ಮಾತ್ರ ಅಡುಗೆಮನೆಗೆ ಹೋಗಿ ಶನಿಯಾರರ ಹೆಂಡತಿ ದೇವಿಯವರ ಎದುರು ಕೂತರು.

“ದೇವಮ್ಮ, ದೋಣಿ ದಡಕ್ಕೆ ಎಳೆದ ಮೇಲೆ ಮಳೆಗಾಲದಲ್ಲಿ ಇವ್ರು ಎಂತ ಮಾಡ್ತಿದ್ರು?”

“ಎಂತ ಮಾಡೂದು! ಒಣಮೀನು ಕಟ್ಕಂಡು ಗೇರುಸೊಪ್ಪ ಬದಿ ಮಾರೂಕೆ ಹೋಗೂದು. ಮನೇಲಿ ಕೂತ್ರೆ ನನ್ನ ಬಾಯಿಗೆ ಹೆದರಿಕೆ ಅಲ್ದಾ!” ಎಂದವರು ಒಲೆಯ ಮೇಲ್ಗಡೆ ನೋಡಿದರು. ಅಲ್ಲಿ ತೂಗುತ್ತಿದ್ದ ಒಣಮೀನಿನ ಚೀಲ ಇರಲಿಲ್ಲ.

ಸಿಸ್ಟರನ್ನೂ ದಿನೇಶರನ್ನೂ ಹತ್ತಿಸಿಕೊಂಡು ಜೀಪನ್ನು ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ತಿರುಗಿಸಿದೆ. ಶನಿಯಾರರು ಗೇರುಸೊಪ್ಪದ ಬಸ್ಸು ನಿಲ್ಲುವಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಾಸನೆಗೆ ಆಚೀಚಿನ ಜನ ದೂರ ಸರಿದಿದ್ದರು.

ಇಂಥ ಸಿಸ್ಟರನ್ನು ನಿವೃತ್ತಿಯ ಹೆಸರಲ್ಲಿ ಸರ್ಕಾರ ಬಿಟ್ಟುಕೊಟ್ಟರೂ ನಮ್ಮ ಕರಾವಳಿ ಬಿಡುವ ಲಕ್ಷಣವಿಲ್ಲ. ಅವರು ನೂರು ಮಳೆಗಾಲ ಕಾಣಲಿ, ಅವರ ಮೊಣಕಾಲು ಗಟ್ಟಿಯಿರಲಿ, ಮನೆ ಬಿಟ್ಟು ಹೊರಟವರ ಜೊತೆಗೆ ಇನ್ನೂ ಬಹುದೂರ ನಡೆಯಲಿ ಎಂದು ಮನಸಾರೆ ಹಾರೈಸುತ್ತೇನೆ. ದಿನೇಶರು ಇಂದಿಗೂ ಆ ಚಿಲಕ ತಂದಿಲ್ಲ. ಏಕೆಂಬುದನ್ನಷ್ಟು ಹೇಳಿ ಲೇಖನಿ ಕೆಳಗಿಡುತ್ತೇನೆ.

“ಅಪ್ಪಾ, ನಡಿ ಮನೆಗೆ,” ಎಂದು ದಿನೇಶರು ಆ ಬಸ್‌ಸ್ಟ್ಯಾಂಡಿನಲ್ಲಿ ತಂದೆಯ ರಟ್ಟೆ ಹಿಡಿದರು.

“ಮಾರದೇ ಹೋದ್ರೆ ಒಲೆ ಹೊತ್ತೂದು ಹ್ಯಾಂಗೆ? ಬಿಡು ಕೈ. ನೀ ಯಾರು?”

ಸಿಸ್ಟರು ನಡುವೆ ಬಂದರು: “ಚೀಲ ಹೊರೂಕೆ ಆಳು ಬೇಕಲ್ಲ ತಾಂಡೇಲ್ರೇ? ಇವ್ನ ಕರ್ಕಂಡು ಹೋಗಿ.”

ಶನಿಯಾರರು ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಆಳು ಗಟ್ಟಿ ಇದ್ದ. ದಾರಿಯಲ್ಲಿ ಚಾ ಚಾ ಅಂತ ಪ್ರಾಣ ತಿನ್ನೂದಿಲ್ಲಲ್ಲ?”

“ಇಲ್ಲ,” ಎಂದರು ದಿನೇಶ. “ನೀವು ಕೊಡಿಸಿದಾಗ ಕುಡೀತೆ.”

ಬಸ್ಸು ಬಂತು. ಶನಿಯಾರರು ಮೊದಲು ಹತ್ತಿ, ಕಿಟಕಿಯ ಬದಿಗೆ ಸರಿದು ಕೂತು, ಪಕ್ಕದ ಸೀಟಿನ ಮಳೆನೀರನ್ನು ಅಂಗೈಯಿಂದ ಒರೆಸಿದರು.